ನೆಟ್ಟಗಣ್ಣನ ಕಾಲು ಸುತ್ತು

ನಮ್ಮ ಭಾವನಿಗೆ ಒಂದು ಕಾಯಿಲೆಯಿತ್ತು. ಸೊಟ್ಟಗಿದ್ದುದೇನಾದರೂ ಕಣ್ಣಿಗೆ ಬಿದ್ದರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಗೋಡೆಯ ಗಡಿಯಾರ, ಬಾಗಿಲ ಬಳಿ ಬಿಟ್ಟ ಚಪ್ಪಲಿ, ಮೇಜಿನ ಮೇಲಿನ ಫೈಲು, ಬಸ್ಸಿನಲ್ಲಿ ಪಕ್ಕ ಕೂತವನ ಅಂಗಿಯ ಕಾಲರು, ಎಲ್ಲವೂ ಅವರ ಕೈ ತಗುಲಿ ನೆಟ್ಟಗಾಗಲೇಬೇಕು. ಅಕ್ಕನನ್ನು ನೋಡಲು ಮೊದಲ ಸಲ ನಮ್ಮ ಮನೆಗೆ ಬಂದಾಗ ಅವರು ಮಾಡಿದ ಮೊದಲ ಕೆಲಸವೆಂದರೆ ಕುರ್ಚಿ ಹತ್ತಿ ನಮ್ಮ ತಾತನ ಫೋಟೋ ಸರಿಮಾಡಿದ್ದು. "ನನ್ನ ನೋಡೋಕೆ ಬಂದೋರು ಗೋಡೆ ನೋಡ್ಕೊಂಡು ಹೋದ್ರು" ಎಂದು ಅಕ್ಕ ಇಂದಿಗೂ ಆಡಿಕೊಳ್ಳುತ್ತಾಳೆ. ತಾತ ಬದುಕಿದ್ದಾಗ ಒಂದು ದಿನವೂ ಅಷ್ಟು ನೆಟ್ಟಗೆ ನಿಂತವನಲ್ಲ, ಅದು ಬೇರೆ ಮಾತು.

ಭಾವ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಅಟೆಂಡರ್ ಆಗಿದ್ದರು. ಬಾಗಿಲು ತೆಗೆಯುವುದು, ಗಾಜಿನ ಸಾಮಾನು ತೊಳೆಯುವುದು, ಕುಂಡಗಳಿಗೆ ನೀರು ಹಾಕುವುದು, ಸಂಜೆ ಬಾಗಿಲು ಹಾಕುವುದು. ಹುಡುಗರು ಅವರಿಗೆ ನೆಟ್ಟಗಣ್ಣ ಎಂದು ಹೆಸರಿಟ್ಟಿದ್ದರು. ಅದೇ ವಿಭಾಗದಲ್ಲಿ ನಾನು ಟೈಪಿಸ್ಟ್. ನನ್ನನ್ನು ಅಲ್ಲಿಗೆ ಸೇರಿಸಿದವರೂ ಭಾವನೇ. ನನ್ನ ಕೆಲಸ ಆಗ ಕಾಯಂ ಆಗಿರಲಿಲ್ಲ. ವರ್ಷಕ್ಕೊಮ್ಮೆ ಮುಖ್ಯಸ್ಥರು ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ವಿಭಾಗದ ಹಿಂದೆ ಒಂದು ಗಾಜಿನ ಮನೆಯಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಮುದುಕ ಭಾವನಿಗೆ ಕೆಲಸಕ್ಕೆ ಸೇರಿದ ಹೊಸತರಲ್ಲಿಯೇ ಒಂದು ಪಾಠ ಹೇಳಿಕೊಟ್ಟಿದ್ದ. ಕಿಟಕಿಯ ಬಳಿ ಇಟ್ಟ ಕುಂಡವನ್ನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಇದ್ದಲ್ಲಿಯೇ ಕಾಲು ಸುತ್ತು ತಿರುಗಿಸಬೇಕು. ಒಂದು ಪೂರ್ತಿ ಸುತ್ತನ್ನು ನಾಲ್ಕು ಪಾಲು ಮಾಡಿದರೆ ಒಂದು ಪಾಲು, ಅಷ್ಟೇ. ಇಲ್ಲದಿದ್ದರೆ ಗಿಡದ ಕತ್ತು ಸೊಟ್ಟಗಾಗುತ್ತದೆ. ಸೊಟ್ಟ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಭಾವನಿಗೆ ಅದು ವೇದವಾಯಿತು. ಹತ್ತೊಂಬತ್ತು ವರ್ಷ ಆ ಕಟ್ಟಡದ ಯಾವ ಕುಂಡಕ್ಕೂ ಅವರು ಕಾಲು ಸುತ್ತು ತಪ್ಪಿಸಲಿಲ್ಲ. ಭಾನುವಾರ ಬಂದು ತಿರುಗಿಸಿದರು, ಜ್ವರ ಬಂದಾಗ ಕಂಬಳಿ ಹೊದ್ದು ಬಂದು ತಿರುಗಿಸಿದರು.

ಗಿಡ ಕಿಟಕಿಯ ಕಡೆಗೆ ಬಾಗುವುದನ್ನು ಎಲ್ಲರೂ ನೋಡಿದ್ದೇವೆ. ನೋಡಿ, ಪಾಪ, ಬೆಳಕಿಗೆ ಹಂಬಲಿಸುತ್ತಿದೆ ಎಂದು ನಿಟ್ಟುಸಿರು ಬಿಟ್ಟಿದ್ದೇವೆ. ಹಂಬಲವೂ ಇಲ್ಲ, ಗಿಂಬಲವೂ ಇಲ್ಲ. ಗಿಡದ ತುದಿಯಲ್ಲಿ ಬೆಳವಣಿಗೆಯ ರಸವೊಂದು ಹುಟ್ಟುತ್ತದೆ. ಪುಸ್ತಕದಲ್ಲಿ ಅದಕ್ಕೆ ಆಕ್ಸಿನ್ ಎಂದು ಹೆಸರು. ಒಂದೇ ಕಡೆಯಿಂದ ಬೆಳಕು ಬಿದ್ದರೆ ಆ ರಸ ನೆರಳಿನ ಬದಿಗೆ ಸರಿದುಕೊಳ್ಳುತ್ತದೆ. ನೆರಳಿನ ಬದಿ ಉದ್ದುದ್ದ ಬೆಳೆಯುತ್ತದೆ, ಬೆಳಕಿನ ಬದಿ ಹಿಂದೆ ಬೀಳುತ್ತದೆ, ಕಾಂಡ ಬೆಳಕಿನತ್ತ ವಾಲುತ್ತದೆ. ಅಂದರೆ ಗಿಡವನ್ನು ಬಾಗಿಸುವುದು ಅದರ ಬೆನ್ನ ಹಿಂದಿನ ಕತ್ತಲು. ಕುಂಡ ತಿರುಗಿಸುತ್ತಿದ್ದರೆ ಪ್ರತಿಯೊಂದು ಬದಿಗೂ ಸರದಿಯ ಮೇಲೆ ನೆರಳು ಸಿಗುತ್ತದೆ, ಯಾರೂ ಯಾರಿಗಿಂತ ಹೆಚ್ಚು ಬೆಳೆಯುವುದಿಲ್ಲ, ಕಾಂಡ ನೆಟ್ಟಗೆ ಏರುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಪ್ರೊಫೆಸರಲ್ಲ, ಏಳನೇ ಕ್ಲಾಸು ಓದಿದ ಭಾವ.

ಭಾವನ ಬಾಳಿನಲ್ಲಿ ಇದ್ದ ಆಸೆ ಒಂದೇ. ಗಾಜಿನ ಮನೆಯ ಮುದುಕ ನಿವೃತ್ತನಾದ ಮೇಲೆ ಆ ಕೆಲಸ ತನಗೆ ಸಿಗಬೇಕು. ಆ ಕೆಲಸದ ಜೊತೆಗೆ ಗಾಜಿನ ಮನೆಗೆ ಅಂಟಿಕೊಂಡ ಎರಡು ಕೋಣೆಯ ಮನೆ ಸಿಗುತ್ತಿತ್ತು, ಮೂರು ಕಡೆ ಕಿಟಕಿ. ಅಕ್ಕ ಭಾವ ಇದ್ದದ್ದು ಒಂದೇ ಕಿಟಕಿಯ ಮನೆಯಲ್ಲಿ. ಆ ಕಿಟಕಿ ತೆಗೆದರೆ ಮೂರಡಿ ದೂರದಲ್ಲಿ ಗೋದಾಮಿನ ಗೋಡೆ. ಮಧ್ಯಾಹ್ನ ಹನ್ನೆರಡಕ್ಕೂ ಅಕ್ಕ ದೀಪ ಹಾಕಿಕೊಂಡೇ ಅಡುಗೆ ಮಾಡಬೇಕು. ಕಿಟಕಿಯ ಮೇಲೆ ಒಂದು ಗುಲಾಬಿ ಕುಂಡವಿತ್ತು, ನಾಲ್ಕು ವರ್ಷದಿಂದ ಒಂದು ಮೊಗ್ಗೂ ಬಿಟ್ಟಿರಲಿಲ್ಲ. ಅಕ್ಕ ಅದಕ್ಕೆ ಗೊಬ್ಬರ ಹಾಕಿದಳು, ಬೈದಳು, ಬೇರೆ ಮಣ್ಣು ಹಾಕಿದಳು, ಮತ್ತೆ ಬೈದಳು. ಭಾವ ಹೇಳುತ್ತಿದ್ದರು: "ಎಲೆ ಅಡುಗೆ ಮಾಡೋದು ಬಿಸಿಲಲ್ಲಿ ಕಣೆ. ದುಡಿದಿದ್ದು ಅದರ ಹೊಟ್ಟೆಗೇ ಸಾಲದು, ಹೂವಿಗೆಲ್ಲಿಂದ ತರುತ್ತೆ?"

"ಹಾಗಾದ್ರೆ ಬಿಸಿಲಿರೋ ಮನೆಗೆ ಕರ್ಕೊಂಡು ಹೋಗಿ" ಎನ್ನುತ್ತಿದ್ದಳು ಅಕ್ಕ. ಈ ಮಾತಿಗೆ ಭಾವ ಕುಂಡವನ್ನು ಕಾಲು ಸುತ್ತು ತಿರುಗಿಸಿ ಕೆಲಸಕ್ಕೆ ಹೊರಡುತ್ತಿದ್ದರು.

ಇನ್ನು ನಮ್ಮ ವಿಭಾಗದ ಮುಖ್ಯಸ್ಥರ ವಿಷಯ. ಅವರನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಇಪ್ಪತ್ತೈದು ವರ್ಷ ಪಾಠ ಹೇಳಿದರೂ ಏನೂ ಕಂಡುಹಿಡಿಯಲಿಲ್ಲವೆಂಬ ಕೊರಗು ಅವರಿಗೆ ತಿಂದ ಅನ್ನ ಮೈಗೆ ಹತ್ತದ ಹಾಗೆ ಮಾಡಿತ್ತು. ತಿಂದ ಅನ್ನ ಚೆನ್ನಾಗಿಯೇ ಹತ್ತಿತ್ತು, ಅದು ಬಿಡಿ. ಕೊನೆಗೆ ಅವರು ಕಿಟಕಿಯಲ್ಲಿ ಬೆಳೆಯಬಹುದಾದ ಗಿಡ್ಡ ಸೂರ್ಯಕಾಂತಿಯ ತಳಿ ಮಾಡುತ್ತೇನೆಂದು ಹೊರಟರು. ಅದರಿಂದ ಇದಕ್ಕೆ ಪರಾಗ, ಇದರಿಂದ ಅದಕ್ಕೆ ಪರಾಗ, ಎರಡು ವರ್ಷ ನಡೆಯಿತು. ಬಂದ ಬೀಜಗಳನ್ನು ಹನ್ನೆರಡು ಕುಂಡಗಳಲ್ಲಿ ಹಾಕಿ ಉದ್ದ ಕೋಣೆಯ ಕಿಟಕಿಯ ಬಳಿ ಸಾಲಾಗಿ ಇಟ್ಟರು. ಹೋಲಿಸಿ ನೋಡಲು ಮಾಮೂಲಿ ಸೂರ್ಯಕಾಂತಿಯ ನಾಲ್ಕು ಕುಂಡಗಳನ್ನು ತಮ್ಮ ಖಾಸಾ ಕೋಣೆಯ ಕಿಟಕಿಯಲ್ಲಿ ಇಟ್ಟುಕೊಂಡರು.

ಸಾಹೇಬರ ಕೋಣೆಯಲ್ಲಿ ಭಾವ ಯಾವುದನ್ನೂ ಮುಟ್ಟುವಂತಿರಲಿಲ್ಲ. ಹಿಂದೊಮ್ಮೆ ಮೇಜಿನ ಮೇಲೆ ಹರಡಿದ್ದ ಅವರ ಕಾಗದಗಳನ್ನು ಭಾವ ನೆಟ್ಟಗೆ ಜೋಡಿಸಿಟ್ಟಿದ್ದರು. ಮೂರು ತಿಂಗಳ ಕೆಲಸ ಕಲಸುಮೇಲೋಗರವಾಯಿತೆಂದು ಸಾಹೇಬರು ಕೂಗಾಡಿ, "ಇನ್ಮೇಲೆ ನನ್ನ ಕೋಣೆಯಲ್ಲಿ ಒಂದು ಹುಲ್ಲುಕಡ್ಡಿ ಮುಟ್ಟಿದ್ರೆ ನೋಡು" ಎಂದಿದ್ದರು. ಅಂದಿನಿಂದ ಅಲ್ಲಿನ ಗಿಡಗಳಿಗೆ ಸಾಹೇಬರೇ ತಮ್ಮ ಅಮೃತಹಸ್ತದಿಂದ ಲೋಟದಲ್ಲಿ ನೀರು ಹಾಕುತ್ತಿದ್ದರು.

ಓದುಗರಿಗೆ ಇಷ್ಟರಲ್ಲಿಯೇ ಅರ್ಥವಾಗಿರುತ್ತದೆ. ಸಾಹೇಬರಿಗೆ ಆಗಲಿಲ್ಲ. ಅವರು ವಾರಕ್ಕೊಮ್ಮೆ, ಸೋಮವಾರ ಹನ್ನೊಂದಕ್ಕೆ, ಕೋನಮಾಪಕ ಹಿಡಿದು ಬಂದು ಗಿಡಗಳನ್ನು ಅಳೆಯುತ್ತಿದ್ದರು. ಕಿಟಕಿಯ ಗಾಜು ಧೂಳು ಹಿಡಿದು ಮಸುಕಾಗಿತ್ತು, ಗಿಡಗಳು ಬಾಗಿದರೂ ನಿಧಾನವಾಗಿ ಬಾಗುತ್ತಿದ್ದವು, ಬಾಗುವಷ್ಟರಲ್ಲಿ ಭಾವನ ಕೈ ಬರುತ್ತಿತ್ತು. ಐದನೇ ವಾರ ಸಾಹೇಬರು ಕೋನಮಾಪಕವನ್ನು ನೆಲಕ್ಕೆ ಬೀಳಿಸಿದರು. ಅವರ ಕೋಣೆಯ ನಾಲ್ಕೂ ಗಿಡಗಳು ಕಿಟಕಿಯ ಗಾಜಿಗೆ ಮೂಗು ತಾಗಿಸುವಷ್ಟು ವಾಲಿದ್ದವು. ಉದ್ದ ಕೋಣೆಯ ಹನ್ನೆರಡೂ ಗಿಡಗಳು ಕವಾಯತಿಗೆ ನಿಂತ ಹಾಗೆ ನಿಂತಿದ್ದವು. ಸೂರ್ಯನಿಗೆ ಸೊಪ್ಪು ಹಾಕದ ಸೂರ್ಯಕಾಂತಿ! ಹೂವು ಬಿರಿದು ಕಾಂಡ ಗಟ್ಟಿಯಾದ ಮೇಲೆ ಯಾವ ಸೂರ್ಯಕಾಂತಿಯೂ ತಿರುಗುವುದಿಲ್ಲ, ಕಾಯಂ ಆದ ನೌಕರನ ಹಾಗೆ ಒಂದು ದಿಕ್ಕು ಹಿಡಿದು ಕೂತುಬಿಡುತ್ತದೆ. ಆದರೆ ಎಳೆಯ ಗಿಡ ಬಾಗಲೇಬೇಕು. ಇದು ಬಾಗಿರಲಿಲ್ಲ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಕಡೆಯೂ ಇರುತ್ತಾರೆ, ನಮ್ಮಲ್ಲಿ ಸಂಬಳ ಕೊಟ್ಟು ಇಟ್ಟುಕೊಂಡಿದ್ದರು. ಅವರಲ್ಲಿ ಮುಖ್ಯನಾದವನು ಒಬ್ಬ ಉಪನ್ಯಾಸಕ. ಸಾಹೇಬರು ಬಾಯಿ ತೆರೆಯುವ ಮುಂಚೆಯೇ ಹೌದು ಎನ್ನುತ್ತಿದ್ದುದರಿಂದ ಹುಡುಗರು ಅವನನ್ನು ಹೌದಪ್ಪ ಮೇಷ್ಟ್ರು ಎನ್ನುತ್ತಿದ್ದರು. ಕಾಂಡದಲ್ಲಿ ಅಲ್ಲಲ್ಲಿ ಸಣ್ಣ ಅಂಕುಡೊಂಕು ಇತ್ತು. ಇರದೇ ಏನು, ದಿನಕ್ಕೆರಡು ಸಲ ದಿಕ್ಕು ಬದಲಾದರೆ ಯಾರಾದರೂ ಸ್ವಲ್ಪ ಅಂಕುಡೊಂಕಾಗುತ್ತಾರೆ. ಹೌದಪ್ಪ ಮೇಷ್ಟ್ರು ಅದಕ್ಕೆ ಹೀಗೆ ಬರೆದ: "ಬೆಳಕಿನ ಸೆಳೆತಕ್ಕೂ ತಳಿಯ ಸ್ಥೈರ್ಯಕ್ಕೂ ನಡೆದ ಹೋರಾಟದ ಗುರುತುಗಳನ್ನು ಇಲ್ಲಿ ಕಾಣಬಹುದು." ಆ ವಾಕ್ಯವನ್ನು ಟೈಪ್ ಮಾಡಿದ್ದು ನನ್ನ ಈ ಹತ್ತು ಬೆರಳುಗಳು. ತಳಿಗೆ ಸ್ಥಿರಮುಖಿ ಎಂದು ಹೆಸರಿಟ್ಟರು. ಪ್ರಬಂಧ ಅಚ್ಚಾಯಿತು. ಸನ್ಮಾನ ಸಭೆಯಾಯಿತು.

ಭಾವನಿಗೆ ಈ ಸಂಗತಿ ಗೊತ್ತಾದದ್ದು ಆ ಸಭೆಯಲ್ಲಿಯೇ. ಕುರ್ಚಿ ಸಾಲುಗಳನ್ನು ನೆಟ್ಟಗೆ ಮಾಡಿ ಬಾಗಿಲ ಬಳಿ ನಿಂತಿದ್ದರು. ವೇದಿಕೆಯ ಮೇಲೆ ಸಾಹೇಬರು, "ಬೆಳಕು ಎಲ್ಲಿದ್ದರೂ ಈ ಗಿಡ ತಲೆ ಬಾಗುವುದಿಲ್ಲ" ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಭಾವ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು: "ಯಾವ ಗಿಡ?"

"ಉದ್ದ ಕೋಣೇದು."

"ಅದನ್ನ ದಿನಾ ನಾನು ತಿರುಗಿಸ್ತೀನಲ್ಲಯ್ಯ!"

ಆ ತಿಂಗಳೇ ನನ್ನ ಕಾಯಂ ಫೈಲು ಸಾಹೇಬರ ಮೇಜಿನ ಮೇಲಿತ್ತು. "ಭಾವ, ಊರ ಉಸಾಬರಿ ನಿಮಗ್ಯಾಕೆ? ಸುಮ್ನಿರಿ" ಎಂದೆ. ಅವರು ಸುಮ್ಮನಿರುವ ಜಾತಿಯಲ್ಲ. ಹತ್ತು ಜನ ಕೂತು ನೆಟ್ಟಗಿದೆ ಎಂದ ಮಾತು ಸೊಟ್ಟಗಿರುವುದು ಅವರ ಕಣ್ಣಿಗೆ ಬಿದ್ದಿತ್ತು.

ಮಾರನೆಯ ದಿನವೇ ಸಾಹೇಬರ ಕೋಣೆಗೆ ಹೋದರು. "ಸಾರ್, ಆ ಗಿಡದ ವಿಷಯ..." ಎಂದರು. ಸಾಹೇಬರು ಫೋನಿನಲ್ಲಿ ಯಾರದೋ ಅಭಿನಂದನೆ ಸ್ವೀಕರಿಸುತ್ತಿದ್ದರು. "ನೀರು ಹಾಕೋನು ನೀರು ಹಾಕಯ್ಯ" ಎಂದು ಕೈ ಬೀಸಿದರು. ವಾರ ಬಿಟ್ಟು ಇನ್ನೊಮ್ಮೆ ಹೋದರು. ಗಾಜಿನ ಮನೆಯ ಕೆಲಸ ಕೇಳಲು ಬಂದನೆಂದು ತಿಳಿದು ಸಾಹೇಬರು ನಗುತ್ತಾ, "ನಿನ್ನ ಫೈಲು ನನ್ನ ತಲೇಲಿದೆ. ತಜ್ಞರ ಸಮಿತಿ ಬಂದು ಸ್ಥಿರಮುಖಿ ನೋಡ್ಕೊಂಡು ಹೋಗ್ಲಿ, ಮಾರನೇ ದಿನ ಗಾಜಿನ ಮನೆ ನಿನ್ನದೇ" ಎಂದರು. ಬಾಯಿಗೆ ಬೀಗ ಬಿದ್ದ ಹಾಗೆ ಭಾವ ಹೊರಗೆ ಬಂದರು.

ಕೊನೆಗೆ ಅವರು ಒಂದು ಚೀಟಿ ಬರೆದರು. ದುಂಡು ಅಕ್ಷರ, ಗೆರೆ ಎಳೆದ ಹಾಗೆ ಸಾಲು. "ಮಾನ್ಯರೇ, ಉದ್ದ ಕೋಣೆಯ ಹನ್ನೆರಡು ಕುಂಡಗಳನ್ನು ನಾನು ದಿನಕ್ಕೆ ಎರಡು ಬಾರಿ ಕಾಲು ಸುತ್ತು ತಿರುಗಿಸುತ್ತಿದ್ದೇನೆ. ಗಿಡಗಳು ನೆಟ್ಟಗಿರುವುದು ಅದರಿಂದ. ತಮ್ಮ ಗಮನಕ್ಕೆ." ಅದನ್ನು ನನ್ನ ಕೈಗೆ ಕೊಟ್ಟು, "ಟಪಾಲಿನ ಜೊತೆ ಸಾಹೇಬರ ಮೇಜಿನ ಮೇಲಿಡು" ಎಂದರು.

ನಾನು ಅದನ್ನು ನನ್ನ ಮೇಜಿನ ಖಾನೆಯಲ್ಲಿ, ಕಾರ್ಬನ್ ಹಾಳೆಗಳ ಅಡಿಯಲ್ಲಿ ಇಟ್ಟೆ. ಒಂದು ವಾರ ಕಳೆದ ಮೇಲೆ ಭಾವ ಕೇಳಿದರು, ಚೀಟಿ ಕೊಟ್ಟೆಯಾ ಎಂದು. ಕೊಟ್ಟೆ ಎಂದೆ. "ಏನಂದ್ರು?" "ಓದಿದ್ರು, ಏನೂ ಅನ್ಲಿಲ್ಲ." ಭಾವ ಅದನ್ನು ನಂಬಿದರು. ಸಾಹೇಬರಿಗೆ ಗೊತ್ತಿದೆ, ದೊಡ್ಡವರ ಲೆಕ್ಕಾಚಾರ ದೊಡ್ಡವರಿಗೆ, ಇನ್ನು ತನ್ನ ಮೇಲೆ ಭಾರವಿಲ್ಲ ಎಂದು ನಿರಾಳವಾಗಿ ತಿರುಗಿಸುತ್ತಾ ಹೋದರು. ಆ ತಿಂಗಳ ಕೊನೆಗೆ ನನ್ನ ಕೆಲಸ ಕಾಯಂ ಆಯಿತು. ಅಕ್ಕ ಊಟಕ್ಕೆ ಕರೆದಳು. ಭಾವ ನನ್ನ ಬೆನ್ನು ತಟ್ಟಿದರು. ಇಷ್ಟು ಹೊತ್ತು ಸಾಹೇಬರನ್ನೂ ಹೌದಪ್ಪನನ್ನೂ ಆಡಿಕೊಂಡು ನಗುತ್ತಿರುವ ಈ ಬಾಯಿ ಅವತ್ತು ಚೆನ್ನಾಗಿ ಉಂಡಿತು.

ತಜ್ಞರಿಗೆ ತೋರಿಸಲೆಂದು ಸಾಹೇಬರು ಎರಡೂ ಕೋಣೆಗಳ ಕುಂಡಗಳಲ್ಲಿ ಹೊಸದಾಗಿ ಬೀಜ ಹಾಕಿದ್ದರು, ಆ ಗಿಡಗಳು ಇನ್ನೂ ಎಳೆಯವಾಗಿರುವಾಗಲೇ ಒಂದು ಗುರುವಾರ ಸಮಿತಿ ಬಂತು. ಮೂವರಿದ್ದರು. ಇಬ್ಬರು ಗಂಡಸರು ಚಹಾ ಕುಡಿಯಲು ಬಂದವರು. ಮೂರನೆಯವರು, ಸಮಿತಿಯ ಮುಖ್ಯಸ್ಥೆ, ಊರುಗೋಲು ಹಿಡಿದ ಮುದುಕಿ. ಚಹಾ ಬೇಡ ಎಂದರು. ಹನ್ನೆರಡು ಗಿಡಗಳನ್ನೂ ಸುತ್ತ ನಡೆದು ನೋಡಿದರು. ಸಾಹೇಬರ ಕೋಣೆಗೆ ಹೋಗಿ ಬಾಗಿದ ನಾಲ್ಕನ್ನೂ ನೋಡಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು.

"ಇಲ್ಲಿ ನೀರು ಯಾರು ಹಾಕ್ತಾರೆ?"

"ನಾನೇ" ಎಂದರು ಸಾಹೇಬರು, ಎದೆಯುಬ್ಬಿಸಿ.

"ಅಲ್ಲಿ?"

"ಅಟೆಂಡರು."

ಮುದುಕಿ ತಲೆಯಾಡಿಸಿ ತಮ್ಮ ಚೀಲದಿಂದ ಒಂದು ಬೀಗ ತೆಗೆದರು. ಕುಂಡಗಳ ಅಡಿಯ ತಟ್ಟೆಗಳಿಗೆಲ್ಲ ನಾಲ್ಕು ದಿನಕ್ಕೆ ಸಾಕಾಗುವಷ್ಟು ನೀರು ತುಂಬಿಸಿ, ಉದ್ದ ಕೋಣೆಗೆ ಆ ಬೀಗ ಜಡಿದು, ಕೀಲಿ ಚೀಲಕ್ಕೆ ಹಾಕಿಕೊಂಡರು. ಸೋಮವಾರ ಹನ್ನೊಂದಕ್ಕೆ ಬರುತ್ತೇನೆ ಎಂದರು. ಸಾಹೇಬರು ಸಂತೋಷದಿಂದ ಒಪ್ಪಿದರು. "ನಾಲ್ಕು ದಿನವಲ್ಲ, ನಾಲ್ಕು ತಿಂಗಳು ಹಾಕಿ ಮೇಡಂ" ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಮೊಲವನ್ನು ಬೀದಿಗೆ ಬಿಡಲೂ ಭಯವಿರುವುದಿಲ್ಲ.

ಆ ನಾಲ್ಕು ದಿನ ಭಾವ ಪಟ್ಟ ಪಾಡು ಯಾರಿಗೂ ಬೇಡ. ಬೀಗದ ಬಾಗಿಲಿನ ಮುಂದೆ ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ ಹೋಗಿ ನಿಲ್ಲುತ್ತಿದ್ದರು. ಮನೆಗೆ ಬಂದು ಪಾತ್ರೆ ಜೋಡಿಸಿದರು, ಮಂಚ ಸರಿಸಿದರು, ಪಕ್ಕದ ಮನೆಯವರ ಡೋರ್‌ಮ್ಯಾಟನ್ನೂ ಬಿಡಲಿಲ್ಲ. "ಇವರಿಗೇನು ದೆವ್ವ ಹಿಡಿದಿದೆಯೇನೋ, ನನ್ನ ಜಡೆ ಎರಡು ಸಲ ಎಳೆದು ನೇರ ಮಾಡಿದ್ರು" ಎಂದು ಅಕ್ಕ ನನ್ನ ಹತ್ತಿರ ದೂರು ಹೇಳಿದಳು. ಭಾನುವಾರ ಭಾವ ನನ್ನನ್ನು ಮೂಲೆಗೆ ಕರೆದು ಕೇಳಿದರು:

"ಚೀಟಿ ಕೊಟ್ಟಿದೀಯ ತಾನೆ?"

"ಕೊಟ್ಟಿದೀನಿ ಅಂದ್ನಲ್ಲ ಭಾವ."

"ಮತ್ತೆ ಸಾಹೇಬರು ಬೀಗಕ್ಕೆ ಯಾಕೆ ಒಪ್ಪಿದ್ರು? ತಿರುಗಿಸದೇ ಇದ್ರೆ ಬಾಗುತ್ತೆ ಅಂತ ಗೊತ್ತಲ್ಲ ಅವರಿಗೆ."

ಅವಸರದ ಕೆಲಸವಿದೆಯೆಂದು ಎದ್ದು ಹೊರಟೆ. ಬಾಗಿಲ ಬಳಿ ನನ್ನ ಚಪ್ಪಲಿ ನೆಟ್ಟಗೆ ಜೋಡಿಸಿಟ್ಟಿತ್ತು.

ಸೋಮವಾರ ಹನ್ನೊಂದಕ್ಕೆ ಬೀಗ ತೆಗೆದರು. ಸಮಿತಿ ಮುಂದೆ, ಸಾಹೇಬರು ಅವರ ಪಕ್ಕ, ಹೌದಪ್ಪ ಸಾಹೇಬರ ಹಿಂದೆ, ಟಿಪ್ಪಣಿ ಬರೆದುಕೊಳ್ಳಲು ನಾನು, ಬಾಗಿಲಲ್ಲಿ ಭಾವ. ಹನ್ನೆರಡು ಸ್ಥಿರಮುಖಿಗಳೂ ಕಿಟಕಿಯತ್ತ ಕತ್ತು ಚಾಚಿಕೊಂಡಿದ್ದವು. ಒಂದಾದರೂ ನೆಟ್ಟಗಿರಬಾರದೇ, ಮರ್ಯಾದೆಗಾದರೂ? ಇರಲಿಲ್ಲ. ಕೋನಮಾಪಕ ಬೇಕಾಗಿರಲಿಲ್ಲ, ಕುರುಡನೂ ಕೈಯಾಡಿಸಿ ಹೇಳಬಹುದಿತ್ತು. ಸಮಿತಿಯ ಗಂಡಸೊಬ್ಬರು ಕೆಮ್ಮಿದರು.

ಸಾಹೇಬರ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. ಅವರು ಸುತ್ತ ನೋಡಿ, ಕೊನೆಗೆ ಎಲ್ಲರೂ ಹುಡುಕುವ ಜಾಗವನ್ನೇ ಹುಡುಕಿದರು. ಬಾಗಿಲತ್ತ ತಿರುಗಿ ಕೂಗಿದರು: "ಏನಯ್ಯ ಮಾಡ್ದೆ ನನ್ನ ಗಿಡಗಳಿಗೆ?"

"ಏನೂ ಮಾಡಲಿಲ್ಲ ಸಾರ್" ಎಂದರು ಭಾವ. "ಅದಕ್ಕೇ."

ಮುದುಕಿ ಊರುಗೋಲು ಊರಿಕೊಂಡು ಬಾಗಿಲ ಬಳಿಗೆ ಹೋದರು. ಹತ್ತೊಂಬತ್ತು ವರ್ಷದಲ್ಲಿ ಆ ವಿಭಾಗದಲ್ಲಿ ಭಾವನನ್ನು ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾದ ಮೊದಲ ಮನುಷ್ಯರು ಅವರು.

"ಮುಂಚೆ ಏನು ಮಾಡ್ತಿದ್ರಿ?"

ಸಾಹೇಬರು ಅವರ ಬೆನ್ನ ಹಿಂದಿನಿಂದ ಭಾವನತ್ತ ಕಣ್ಣು ಬಿಟ್ಟರು, ತಲೆಯಾಡಿಸಿದರು, ತುಟಿಯಲ್ಲಿಯೇ "ನೀರು, ನೀರು" ಎಂದರು. ಕಿಟಕಿಯಾಚೆ ಗಾಜಿನ ಮನೆ ಬಿಸಿಲಿನಲ್ಲಿ ಹೊಳೆಯುತ್ತಿತ್ತು. ನೀರು ಮಾತ್ರ ಹಾಕುತ್ತಿದ್ದೆ ಎಂದರೆ ಸಾಕಿತ್ತು. ಬೀಗ ಹಾಕಿದ ಕೋಣೆಯಲ್ಲಿ ಗಾಳಿ ಇರಲಿಲ್ಲ, ಸೆಕೆಯಾಯಿತು, ತಳಿಯ ಗುಣ ಕೆಟ್ಟಿತು ಎಂದು ಹೌದಪ್ಪ ಇನ್ನೊಂದು ಪ್ರಬಂಧ ಬರೆದುಬಿಡುತ್ತಿದ್ದ. ಭಾವ ಗಾಜಿನ ಮನೆಯನ್ನು ಒಮ್ಮೆ ನೋಡಿದರು. ಆಮೇಲೆ ಎಲ್ಲವನ್ನೂ ಹೇಳಿದರು. ಬೆಳಿಗ್ಗೆ ಕಾಲು ಸುತ್ತು, ಸಂಜೆ ಕಾಲು ಸುತ್ತು, ಭಾನುವಾರವೂ.

ಮುದುಕಿ ನಕ್ಕರು. ಅಣಕದ ನಗೆಯಲ್ಲ, ತುಂಬಾ ದಿನ ಕಾಣದ ನೆಂಟರನ್ನು ಕಂಡಾಗಿನ ನಗೆ. ಆಮೇಲೆ ಗಂಭೀರವಾಗಿ ಕೇಳಿದರು: "ಇದನ್ನ ಯಾರಿಗೂ ಹೇಳಲಿಲ್ವ? ಬರೆದು ಕೊಟ್ಟಿರಲಿಲ್ವ? ಕೊಟ್ಟಿದ್ರೆ ಹೇಳಿ, ನಿಮ್ಮ ಮೇಲೆ ತಪ್ಪು ಬರಲ್ಲ."

"ನನಗೆ ಯಾವ ಕಾಗದವೂ ಬಂದಿಲ್ಲ!" ಎಂದು ಸಾಹೇಬರು ಅರಚಿದರು. "ನನ್ನ ಮಕ್ಕಳಾಣೆಗೂ ಬಂದಿಲ್ಲ!"

ಮನುಷ್ಯ ಜೀವಮಾನದಲ್ಲಿ ಒಂದೋ ಎರಡೋ ಸಲ ನಿಜ ಹೇಳುತ್ತಾನೆ, ಅದೂ ನಿಜವಾದ ದನಿಯಲ್ಲಿ. ಸಾಹೇಬರದು ಅಂಥ ದನಿ. ಭಾವನಿಗೂ ಅದು ಕೇಳಿಸಿತು. ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ಅಷ್ಟು ಸಾಕಾಯಿತು. ನನ್ನ ಮುಖದ ಮೇಲೆ ಅವರ ಕಣ್ಣು ಎಷ್ಟು ಹೊತ್ತು ನಿಂತಿತೋ ಕಾಣೆ. ಬೇಡ ಭಾವ, ಹೇಳಬೇಡಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ, ಹೇಳಿಬಿಡಿ ಎಂದೂ ಬೇಡಿಕೊಳ್ಳುತ್ತಿದ್ದೆನೆಂದು ಈಗ ಹೇಳಿದರೆ ಅದು ಸುಳ್ಳು.

"ಇಲ್ಲಮ್ಮ" ಎಂದರು ಭಾವ, ಮುದುಕಿಯ ಕಡೆ ತಿರುಗಿ. "ಯಾರಿಗೂ ಹೇಳಲಿಲ್ಲ. ಬರೆದೂ ಕೊಡಲಿಲ್ಲ. ನನ್ನದೇ ತಪ್ಪು."

ಮುಂದಿನದು ಚಿಕ್ಕದು. ತಾನು ತಿಂದು ಮೇಕೆಯ ಬಾಯಿಗೆ ಒರೆಸುವ ಕೆಲಸ ಸಾಹೇಬರಿಗೆ ಗೊತ್ತಿಲ್ಲದ್ದೇನಲ್ಲ. "ಕೆಳದರ್ಜೆಯ ನೌಕರನೊಬ್ಬನ ಹಸ್ತಕ್ಷೇಪದಿಂದ" ಪ್ರಬಂಧ ವಾಪಸು ಪಡೆಯಲಾಗಿದೆ ಎಂದು ಪತ್ರ ಹೋಯಿತು. ಭಾವನಿಗೆ ಒಂದು ಮೆಮೊ ಬಂತು. ಅದರಲ್ಲಿ ಎರಡು ಆರೋಪ: ಒಂದು, ಅಪ್ಪಣೆಯಿಲ್ಲದೆ ಕುಂಡಗಳನ್ನು ತಿರುಗಿಸಿದ್ದು, ಎರಡು, ಸಮಿತಿಯ ಭೇಟಿಯ ಕಾಲದಲ್ಲಿ ಗಿಡಗಳು ನೆಟ್ಟಗಿರುವಂತೆ ನೋಡಿಕೊಳ್ಳದಿದ್ದುದು. ಈ ಮೆಮೊ ಟೈಪ್ ಮಾಡಿದ್ದೂ ನಾನೇ, ತಪ್ಪಿಲ್ಲದೆ. ಗಾಜಿನ ಮನೆಯ ಕೆಲಸ ಹೌದಪ್ಪ ಮೇಷ್ಟ್ರ ಹೆಂಡತಿಯ ತಮ್ಮನಿಗೆ ಸಿಕ್ಕಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುವ ಗಾದೆಯ ಭಯ ಆ ಮನೆತನಕ್ಕೆ ಇರಲಿಲ್ಲ, ಅವರು ಬೀಜದಲ್ಲಿಯೇ ಬಗ್ಗಿ ಬಂದವರು. ಸಾಹೇಬರಿಗೇನೂ ಆಗಲಿಲ್ಲ. ಆರು ತಿಂಗಳ ಮೇಲೆ ವಿಜ್ಞಾನದಲ್ಲಿ ಪ್ರಾಮಾಣಿಕತೆ ಎಂಬ ವಿಷಯದ ಮೇಲೆ ಅವರ ಉಪನ್ಯಾಸ ಏರ್ಪಾಡಾಯಿತು. ಕುರ್ಚಿಗಳನ್ನು ಸಾಲಾಗಿ ಹಾಕಿದ್ದು ಭಾವ.

ಚೀಟಿಯನ್ನು ನಾನು ಹರಿದುಹಾಕಲಿಲ್ಲ. ಧೈರ್ಯವಿದ್ದವನಾದರೆ ಕೊಡುತ್ತಿದ್ದೆ, ಪೂರಾ ನೀಚನಾದರೆ ಸುಡುತ್ತಿದ್ದೆ. ಎರಡೂ ಅಲ್ಲದ ಜನರಿಗೆಂದೇ ಮೇಜುಗಳಿಗೆ ಖಾನೆ ಇಟ್ಟಿರುತ್ತಾರೆ. ಅದು ಇನ್ನೂ ಕಾರ್ಬನ್ ಹಾಳೆಗಳ ಅಡಿಯಲ್ಲಿದೆ.

ಆದರೆ ನಾನು ಹೇಳಬೇಕೆಂದುಕೊಂಡದ್ದು ಮೆಮೊ ಬಂದ ದಿನದ ಸಂಜೆಯ ವಿಷಯ. ಅಕ್ಕನ ಮನೆಗೆ ಹೋದೆ, ಹೋಗದಿದ್ದರೆ ಅನುಮಾನ ಬರುತ್ತದೆಂದು ಹೋದೆ. ಅಕ್ಕ ಮೂವರಿಗೂ ತಟ್ಟೆ ಇಟ್ಟಳು. ಬಡಿಸುತ್ತಾ ಬಡಿಸುತ್ತಾ ಅವಳ ಸಿಟ್ಟು ಏರುತ್ತಾ ಹೋಯಿತು. ಮೂರು ಕಿಟಕಿಯ ಮನೆಗೆಂದು ಅವಳು ಆಗಲೇ ಪರದೆ ಹೊಲಿದಿಟ್ಟಿದ್ದಳು.

"ನೆಟ್ಟಗಣ್ಣನಂತೆ ನೆಟ್ಟಗಣ್ಣ! ನೀರು ಹಾಕ್ತಿದ್ದೆ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ಲೋಕದಲ್ಲಿ ಎಲ್ಲರೂ ಬೆಳಗಾದ್ರೆ ನೂರು ಸುಳ್ಳು ಹೇಳ್ತಾರೆ. ಹೊಟ್ಟೆಪಾಡಿಗೆ, ಹೆಂಡತಿ ಮುಖ ನೋಡಿ, ಒಂದೇ ಒಂದು ಸುಳ್ಳು ಹೇಳೋಕೆ ಆಗ್ಲಿಲ್ವಾ ನಿಮಗೆ?"

ಭಾವ ತುತ್ತು ಕಲಸುತ್ತಿದ್ದರು.

"ಒಂದು ಹೇಳ್ದೆ ಕಣೆ" ಎಂದರು.

ಅಕ್ಕ ಸೌಟು ಹಿಡಿದುಕೊಂಡೇ ನಿಂತಳು. "ಯಾವುದು?"

"ಸಣ್ಣದು" ಎಂದು ಭಾವ ನನ್ನ ತಟ್ಟೆಯ ಕಡೆ ಕೈ ಚಾಚಿದರು. ಅದು ಸ್ವಲ್ಪ ಓರೆಯಾಗಿತ್ತು. ನೇರ ಮಾಡಿ, "ಉಣ್ಣಪ್ಪ, ಆರಿಹೋಗುತ್ತೆ" ಎಂದರು.